ಸ್ತ್ರೀಯರ ಮರ್ಯಾದೆಯೂ ಬೀದಿಯ ಕಾವಲುಗಾರರೂ

ಮೈಸೂರು ಸೀಮೆಯ ಹೆಂಗಸರು ಗಂಡಸರ ಜೊತೆಯನ್ನು ಕಾಯದೆ ತಾವು ತಾವೇ ಗುಂಪುಕೂಡಿ ಹೋಗಿಬರುವ ಊರುಗಳಲ್ಲಿ ನಂಜನಗೂಡೂ ತಿರುಮಕೂಡಲು ನರಸೀಪುರವೂ ಬಹುಕಾಲದಿಂದ ಮುಖ್ಯವಾದವು. ಸೋಮವಾರ ಶ್ರೀಕಂಠೇಶ್ವರಸ್ವಾಮಿಯ ದರ್ಶನಕ್ಕೆ, ಹುಣ್ಣಿಮೆಯಲ್ಲಿ ಕಪಿಲಾಸ್ನಾನಕ್ಕೆ, ಹರಕೆಯ ಮುಡಿ ಒಪ್ಪಿಸುವುದಕ್ಕೆ, ದೊಡ್ಡ ಜಾತ್ರೆಯ ಪಂಚರಥೋತ್ಸವಕ್ಕೆ, ಸಂಗಮದಲ್ಲಿ ಮುಳುಗು ಹಾಕಿ ಅಗಸ್ತ್ಯೇಶ್ವರನಿಗೂ ಗುಂಜಾನರಸಿಂಹನಿಗೂ ಕೈಮುಗಿಯುವುದಕ್ಕೆ ಬರತಕ್ಕ ಜನರಲ್ಲಿ ತಾಯಂದಿರೂ ಅಕ್ಕತಂಗಿಯರೂ ಎಂದೂ ಹಿಂದೆಬಿದ್ದವರಲ್ಲ. 2023ನೆಯ ಇಸವಿಯ ಜೂನ್ 11ನೆಯ ತಾರೀಖು ರಾಜ್ಯ ಸರ್ಕಾರದವರು ಶಕ್ತಿ ಯೋಜನೆಯನ್ನು ಜಾರಿಗೆ ತಂದು, ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲದೆ ಪ್ರಯಾಣಮಾಡುವ ಅನುಕೂಲವನ್ನು ಕೊಟ್ಟರು. ಅಂದಿನಿಂದ ಈ ದಾರಿಗಳಲ್ಲಿ ಅವರ ಓಡಾಟ ಇನ್ನೂ ಹೆಚ್ಚಿದೆ. ದೇವರ ದರ್ಶನಕ್ಕೆ ಬರುವವಳ ಪಕ್ಕದಲ್ಲಿಯೇ ಮೈಸೂರಿನ ಕಾಲೇಜಿಗೆ ಹೋಗುವ ಹುಡುಗಿಯೂ, ನಂಜನಗೂಡಿನ ಕಾರ್ಖಾನೆಯ ಕೆಲಸಕ್ಕೆ ಹೋಗುವ ಗೃಹಿಣಿಯೂ, ಆಸ್ಪತ್ರೆಗೆ ಹೊರಟ ಮುದುಕಿಯೂ ಕುಳಿತಿರುವರು.

ಹೀಗೆ ಮನೆಯ ಹೊಸ್ತಿಲು ದಾಟಿ ಬಂದ ಹೆಂಗಸರಿಗೆ ದಾರಿಯಲ್ಲಿ ಎರಡು ಬಗೆಯ ಗಂಡಸರು ಎದುರಾಗುವುದುಂಟು. ನೂಕುನುಗ್ಗಲನ್ನು ನೆಪಮಾಡಿಕೊಂಡು ಮೈಮೇಲೆ ಬೀಳುವವನು, ಸ್ನಾನಘಟ್ಟದಲ್ಲಿ ಕಣ್ಣು ನೆಟ್ಟು ನಿಲ್ಲುವವನು, ಹಿಂಬಾಲಿಸಿ ಹೋಗಿ ಹಗುರವಾದ ಮಾತನಾಡುವವನು, ಇವನು ಒಂದು ಬಗೆ. ಧರ್ಮದ ಹೆಸರು ಹೇಳಿಕೊಂಡು, ನೀನು ಉಟ್ಟ ಬಟ್ಟೆ ಸರಿಯಿಲ್ಲ, ನಿನ್ನ ತಲೆಯ ಮೇಲೆ ಮುಸುಕೇಕೆ, ಅಥವಾ ಮುಸುಕೇಕಿಲ್ಲ, ಪಕ್ಕದಲ್ಲಿ ಕುಳಿತವನ ಜಾತಿಯಾವುದು ಎಂದು ಅಡ್ಡಗಟ್ಟಿ ವಿಚಾರಣೆಮಾಡುವವನು ಇನ್ನೊಂದು ಬಗೆ. ಮೊದಲನೆಯವನನ್ನು ಪುಂಡನೆಂದೂ ಎರಡನೆಯವನನ್ನು ಸಂಸ್ಕೃತಿರಕ್ಷಕನೆಂದೂ ಕರೆಯುವುದು ನಮ್ಮಲ್ಲಿ ಹಲವರ ರೂಢಿಯಾಗಿದೆ. ಇಬ್ಬರೂ ಮಾಡತಕ್ಕ ಕೆಲಸ ಒಂದೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ದಾರಿ ತನ್ನದು, ಅದರ ಮೇಲೆ ಹೆಣ್ಣು ನಡೆಯುವುದು ತನ್ನ ಅಪ್ಪಣೆಯಿಂದ ಎಂದು ಇಬ್ಬರೂ ಭಾವಿಸಿರುವರು.

ಮರ್ಯಾದೆ ಎಂಬ ಶಬ್ದದ ಅರ್ಥವನ್ನು ಸ್ವಲ್ಪ ವಿಚಾರಮಾಡಬೇಕು. ಸಂಸ್ಕೃತದಲ್ಲಿ ಅದಕ್ಕೆ ಎಲ್ಲೆ, ಮೇರೆ ಎಂದು ಅರ್ಥ. ತನ್ನ ಎಲ್ಲೆಯನ್ನು ಮೀರದವನು ಮರ್ಯಾದಸ್ಥನು. ಹಾಗಿದ್ದ ಮೇಲೆ, ತನ್ನ ಪಾಡಿಗೆ ತಾನು ನಡೆದುಹೋಗುವ ಹೆಣ್ಣಿನ ಬಳಿಗೆ ಹೋಗಿ ಸೆರಗಿನ ಅಳತೆ ತೆಗೆಯುವವನು ಎಲ್ಲೆ ಮೀರಿದನೇ ಹೊರತು ಅವಳಲ್ಲ. ಮಾನಭಂಗವೆಂಬ ಮಾತನ್ನೂ ಹಾಗೆಯೇ ನೋಡಬಹುದು. ಭಂಗಮಾಡುವವನು ಒಬ್ಬನಿರುವನು, ಅಪರಾಧ ಅವನದು. ನಮ್ಮ ಭಾಷೆಯೇ ಇಷ್ಟು ಸ್ಪಷ್ಟವಾಗಿ ಹೇಳುತ್ತಿರುವಾಗ, ಮರ್ಯಾದೆಯ ಹೊಣೆಯನ್ನೆಲ್ಲ ಹೆಂಗಸಿನ ಉಡುಪಿನ ಮೇಲೆ ಹೊರಿಸಿ, ನೋಡುವವನ ಕಣ್ಣನ್ನೂ ಅಡ್ಡಗಟ್ಟುವವನ ಕೈಯನ್ನೂ ಲೆಕ್ಕದಿಂದ ಬಿಡುವುದು ಹೇಗೆ ನ್ಯಾಯವಾದೀತು?

ಕವಲಂದೆಯಲ್ಲಿ ಆಡಿದ ಮಾತು

2023ನೆಯ ಇಸವಿಯ ಡಿಸೆಂಬರ್ 22ನೆಯ ತಾರೀಖು ನಂಜನಗೂಡು ತಾಲ್ಲೂಕಿನ ಕವಲಂದೆಯಲ್ಲಿ ಪೊಲೀಸ್ ಠಾಣೆಯ ಪ್ರಾರಂಭೋತ್ಸವದ ಸಂದರ್ಭದಲ್ಲಿ ಆಗ ಮುಖ್ಯಮಂತ್ರಿಗಳಾಗಿದ್ದ ಶ್ರೀ ಸಿದ್ದರಾಮಯ್ಯನವರು, ಹಿಜಾಬಿನ ಮೇಲಿನ ನಿರ್ಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿಯೂ, ಉಡುವುದೂ ಉಣ್ಣುವುದೂ ಅವರವರ ಇಷ್ಟವೆಂದೂ ಸಭೆಯಲ್ಲಿ ಹೇಳಿದರು. ಮಾರನೆಯ ದಿವಸವೇ, ಆ ವಿಷಯವಿನ್ನೂ ಸರ್ಕಾರದ ಪರಿಶೀಲನೆಯಲ್ಲಿದೆಯೆಂದು ಅವರೇ ಸಮಜಾಯಿಷಿ ಕೊಟ್ಟರು. ದೇಶದ ಪತ್ರಿಕೆಗಳೆಲ್ಲ ಎರಡು ದಿವಸ ಕವಲಂದೆಯ ಹೆಸರನ್ನು ಬರೆದವು, ಆಮೇಲೆ ಮರೆತವು.

ಈ ವಾದದ ಪೂರ್ವಕಥೆ ವಾಚಕರಿಗೆ ತಿಳಿದೇ ಇದೆ. 2021ರ ಡಿಸೆಂಬರಿನಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹುಟ್ಟಿದ ವಿವಾದ 2022ರ ಫೆಬ್ರವರಿ 5ನೆಯ ತಾರೀಖಿನ ಸರ್ಕಾರಿ ಆಜ್ಞೆಗೆ ದಾರಿಮಾಡಿತು. ಅದೇ ವರ್ಷದ ಮಾರ್ಚಿ 15ರಂದು ರಾಜ್ಯದ ಉಚ್ಚನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಒಬ್ಬರಿಗೊಬ್ಬರು ವಿರುದ್ಧವಾದ ತೀರ್ಪನ್ನು ಕೊಟ್ಟದ್ದರಿಂದ ವಿಷಯವು ಹೆಚ್ಚಿನ ಪೀಠಕ್ಕೆ ಹೋಗಬೇಕಾಯಿತು. ಪಾಠಶಾಲೆಯೊಳಗೆ ಏಕರೂಪದ ಉಡುಪು ಎಷ್ಟರಮಟ್ಟಿಗಿರಬೇಕೆಂಬುದು ನ್ಯಾಯಾಧೀಶರು ತೂಗಿ ನೋಡಬೇಕಾದ ಪ್ರಶ್ನೆ. ಅದರಲ್ಲಿ ಸಭ್ಯರಾದವರಿಗೂ ಭಿನ್ನಾಭಿಪ್ರಾಯವಿರಬಹುದು. ಆದರೆ 2022ರ ಫೆಬ್ರವರಿ 8ರಂದು ನೆರೆಯ ಮಂಡ್ಯದಲ್ಲಿ ನಡೆದದ್ದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಕಾಲೇಜಿನ ಆವರಣಕ್ಕೆ ವಾಹನದಲ್ಲಿ ಒಬ್ಬಳೇ ಬಂದ ಬುರ್ಖಾಧಾರಿಣಿಯಾದ ವಿದ್ಯಾರ್ಥಿನಿಯನ್ನು ಕೇಸರಿ ಶಾಲು ಹೊದ್ದ ಯುವಕರ ದೊಡ್ಡ ಗುಂಪೊಂದು ಘೋಷಣೆ ಕೂಗುತ್ತ ಹಿಂಬಾಲಿಸಿತು. ಅಲ್ಲಿ ನ್ಯಾಯಾಲಯದ ಆಜ್ಞೆಯನ್ನು ನಡಸತಕ್ಕ ಅಧಿಕಾರಿ ಯಾರೂ ಇರಲಿಲ್ಲ; ಇದ್ದದ್ದು ಒಬ್ಬ ಹೆಣ್ಣುಮಗಳೂ ಅವಳನ್ನು ಬೆದರಿಸಹೊರಟ ಗುಂಪೂ. ಕಾಲೇಜಿನ ಸಿಬ್ಬಂದಿಯವರು ಮಧ್ಯೆ ಬಂದು ಆಕೆಯನ್ನು ಒಳಕ್ಕೆ ಕರೆದುಕೊಂಡುಹೋದದ್ದು ಆ ದಿವಸ ನಡೆದ ಒಂದು ಒಳ್ಳೆಯ ಕೆಲಸ.

ತೆರೆ ಎಂದು ಒಂದು ಗುಂಪು, ಮುಚ್ಚು ಎಂದು ಇನ್ನೊಂದು ಗುಂಪು. ಎರಡು ಗುಂಪಿನವರೂ ಹೆಣ್ಣಿನ ತಲೆಯನ್ನು ತಮ್ಮ ಧ್ವಜ ನೆಡುವ ಜಾಗವಾಗಿ ಮಾಡಿಕೊಂಡಿರುವರು. ಆ ತಲೆಯೊಳಗೆ ಓದಬೇಕೆಂಬ ಆಶೆಯಿದೆಯೆಂಬುದು ಇವರಿಬ್ಬರ ಗಮನಕ್ಕೂ ಬರುವುದಿಲ್ಲ.

ಹಳೆಯ ಕಥೆ, ಹಳೆಯ ಆಜ್ಞೆ

ಇದು ಇಂದಿನ ಕಾಲದ ಕೇಡು, ಹಿಂದೆ ಹೀಗಿರಲಿಲ್ಲ ಎಂದು ಹೇಳುವವರು ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿಯೇ ಇರುವ ತಲಕಾಡಿನ ಐತಿಹ್ಯವನ್ನು ನೆನೆಯಬೇಕು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಕೈವಶಮಾಡಿಕೊಂಡ ಕಾಲದಲ್ಲಿ, ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನು ತಲಕಾಡಿಗೆ ಬಂದನು. ಅವನ ಪತ್ನಿ ಅಲಮೇಲಮ್ಮನ ಒಡವೆಗಳನ್ನು ರಂಗನಾಯಕಿ ಅಮ್ಮನವರಿಗೆ ತೊಡಿಸುವ ಪದ್ಧತಿಯಿದ್ದುದರಿಂದ, ದೇವಿಗೆ ಅವು ಬೇಕೆಂದು ಅರಮನೆಯವರು ಕೇಳಿದರೆಂದೂ, ಸೈನಿಕರು ಬೆನ್ನಟ್ಟಿ ಬಂದಾಗ ಆಕೆ ಶಾಪಕೊಟ್ಟು ಮಾಲಂಗಿಯ ಮಡುವಿಗೆ ಹಾರಿಕೊಂಡಳೆಂದೂ ಐತಿಹ್ಯ. ಶಾಪದ ಸತ್ಯಾಸತ್ಯವನ್ನು ಚರಿತ್ರಕಾರರು ಚರ್ಚಿಸಲಿ. ನಾಲ್ಕು ಶತಮಾನಗಳಿಂದ ನಮ್ಮ ಜನ ಆ ಕಥೆಯನ್ನು ಮರೆಯದೆ ಹೇಳಿಕೊಂಡು ಬಂದಿರುವಾಗ ಯಾರ ಪಕ್ಷವನ್ನು ಹಿಡಿದಿರುವರು ಎಂಬುದನ್ನಷ್ಟೇ ನೋಡೋಣ. ದೇವಿಯ ಹೆಸರು ಹೇಳಿ ಬೆನ್ನಟ್ಟಿದವರ ಪಕ್ಷವನ್ನು ಯಾವ ಅಜ್ಜಿಯೂ ಹಿಡಿದಿಲ್ಲ. ದೇವರ ಕಾರ್ಯವೆಂಬ ನೆಪವು ಒಬ್ಬ ಹೆಂಗಸನ್ನು ದಾರಿಯಲ್ಲಿ ಓಡಿಸುವುದಕ್ಕೆ ಅಧಿಕಾರ ಕೊಡುವುದಿಲ್ಲವೆಂದು ಹಳ್ಳಿಯ ಜನ ಓದುಬರಹವಿಲ್ಲದೆಯೇ ತೀರ್ಪು ಕೊಟ್ಟುಬಿಟ್ಟಿರುವರು.

ಇನ್ನೊಂದು ನಿದರ್ಶನ ಮುಜರಾಯಿ ಇಲಾಖೆಯ ಕಡತದಲ್ಲಿದೆ. ದೇವದಾಸಿಯರ ಗೆಜ್ಜೆಪೂಜೆಯ ವಿಚಾರವಾಗಿ ಮೈಸೂರು ಸರ್ಕಾರದವರು ಕ್ರಮ ಕೈಗೊಂಡ ದೇವಾಲಯಗಳಲ್ಲಿ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಹೆಸರು ಮೊದಮೊದಲಿಗೇ ಬರುತ್ತದೆ. ಕೊನೆಗೆ 1909ರಲ್ಲಿ ಸರ್ಕಾರದವರು ದೇವಾಲಯದ ಸೇವೆಯಿಂದ ಅವರನ್ನು ಹೊರಗಿಟ್ಟರು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಟ್ಟು ಆಮೇಲೆ ಶ್ರೀಮಂತರ ಪಾಲುಮಾಡುತ್ತಿದ್ದ ಪದ್ಧತಿ ಹೋದದ್ದು ಯುಕ್ತವೇ ಸರಿ. ಅದು ಪೂರ್ತಿಯಾಗಿ ಹೋಗಲೆಂದೇ ಕರ್ನಾಟಕದಲ್ಲಿ 1982ರಲ್ಲಿ ಮತ್ತೊಂದು ಶಾಸನವನ್ನು ಮಾಡಬೇಕಾಯಿತು. ಆದರೆ 1909ರ ಆಜ್ಞೆಗೆ ಕೊಟ್ಟ ಕಾರಣವೇನು? ಆ ಸ್ತ್ರೀಯರ ನಡತೆ ಕೆಟ್ಟಿದೆಯೆಂಬುದು. ಅವರ ಮನೆಯ ಬಾಗಿಲಿಗೆ ಹೋಗುತ್ತಿದ್ದ ದೊಡ್ಡ ಮನುಷ್ಯರಲ್ಲಿ ಒಬ್ಬನನ್ನಾದರೂ ದೇವಾಲಯದಿಂದ ಹೊರಗಿಡಬೇಕೆಂದು ಆ ಆಜ್ಞೆ ವಿಧಿಸಲಿಲ್ಲ. ಮಾನ್ಯ ಕಳೆದುಕೊಂಡವಳು ಹೆಂಗಸು. ತೀರ್ಥಪ್ರಸಾದ ತೆಗೆದುಕೊಂಡು ಮನೆಗೆ ಹೋದವನು ಗಂಡಸು. ಒಳ್ಳೆಯ ಸುಧಾರಣೆಯಲ್ಲಿಯೂ ನಾವು ದಂಡವನ್ನು ಒಂದೇ ಕಡೆಗೆ ವಿಧಿಸುತ್ತೇವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಾಗಿಲ್ಲ.

ಇದೇ ತಾಲ್ಲೂಕು ಬೇರೊಂದು ಪಾಠವನ್ನೂ ಕಲಿಸಿದೆ. ತಗಡೂರು, ಬದನವಾಳುಗಳ ಖಾದೀ ಕೇಂದ್ರಗಳಲ್ಲಿ ದೇಶಕ್ಕಾಗಿ ನೂಲು ತೆಗೆದ ಕೈಗಳಲ್ಲಿ ಹೆಚ್ಚಿನವು ಬಡ ಹೆಂಗಸರವು. ಅವರು ಮನೆಯಿಂದ ಹೊರಕ್ಕೆ ಬಂದು ಚರಕದ ಮುಂದೆ ಕುಳಿತದ್ದರಿಂದ ಯಾವ ಮನೆತನದ ಮಾನವೂ ಹೋಗಲಿಲ್ಲ. ಊರಿಗೆ ಕೀರ್ತಿ ಬಂತು, ಮನೆಗೆ ನಾಲ್ಕು ಕಾಸು ಬಂತು.

ಬೇಲಿಯೇ ಎದ್ದು ಹೊಲ ಮೇಯ್ದುದು

ಬೀದಿಯ ಕಾವಲುಗಾರನ ಕೈಗೆ ಮಾನರಕ್ಷಣೆಯ ಕೆಲಸವನ್ನು ಕೊಟ್ಟರೆ ಏನಾಗುವುದೆಂಬುದನ್ನು ಕನ್ನಡನಾಡು ಕಳೆದ ಕೆಲವು ವರ್ಷಗಳಲ್ಲಿ ಕಂಡಿದೆ. 2009ರ ಜನವರಿ 24ರಂದು ಮಂಗಳೂರಿನ ಒಂದು ಪಾನಗೃಹಕ್ಕೆ ಶ್ರೀರಾಮಸೇನೆಯವರೆಂಬುವರು ನುಗ್ಗಿ ಅಲ್ಲಿದ್ದ ಯುವತಿಯರನ್ನು ಹೊಡೆದು ಅಟ್ಟಿದರು. ಅದು ಕ್ಯಾಮರಾಗಳ ಮುಂದೆಯೇ ನಡೆಯಿತು, ದೇಶವೆಲ್ಲ ನೋಡಿತು. 2018ರ ಮಾರ್ಚಿಯಲ್ಲಿ ಸಾಕ್ಷ್ಯ ಸಾಲದೆಂದು ಆಪಾದಿತರ ಬಿಡುಗಡೆಯಾಯಿತು. ನ್ಯಾಯಾಲಯವು ತನ್ನ ಮುಂದೆ ಬಂದ ಸಾಕ್ಷ್ಯವನ್ನು ನೋಡಿ ತೀರ್ಪು ಕೊಡಬೇಕಾದದ್ದು ಧರ್ಮ. ಆದರೆ ಲೋಕವೆಲ್ಲ ಕಂಡ ಘಟನೆಗೆ ಒಂಬತ್ತು ವರ್ಷಗಳಲ್ಲಿ ಸಾಕ್ಷ್ಯ ಸಾಲದೆ ಹೋದದ್ದು ತನಿಖೆ ನಡಸಿದವರು ಉತ್ತರ ಹೇಳಬೇಕಾದ ಮಾತು. ಪೆಟ್ಟು ತಿಂದವರು ಸಾಕ್ಷಿ ಹೇಳಲು ಮುಂದೆ ಬರಬೇಕಾದರೆ ಅವರಿಗೆ ಧೈರ್ಯ ಕೊಡುವವರು ಬೇಕು. ಊರೇ ಅವರ ನಡತೆಯನ್ನು ವಿಚಾರಣೆಗೆ ಹಚ್ಚಿದರೆ ಯಾರು ತಾನೇ ಬಂದಾರು?

ಒಂದು ಮತದವರ ಮೇಲೆ ಮಾತ್ರ ಈ ದೋಷವನ್ನು ಹೊರಿಸುವಂತಿಲ್ಲ. 2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ಲು ತಾಲ್ಲೂಕಿನ ವಸತಿಗೃಹವೊಂದಕ್ಕೆ ಗುಂಪೊಂದು ನುಗ್ಗಿ, ಅನ್ಯಮತದ ಪುರುಷನೊಂದಿಗಿದ್ದಳೆಂಬ ಕಾರಣಕ್ಕೆ ತಮ್ಮದೇ ಮತದ ಹೆಂಗಸೊಬ್ಬಳನ್ನು ಹೊಡೆದು ಎಳೆದುಕೊಂಡುಹೋಯಿತು. ಮತದ ಮಾನವನ್ನು ಉಳಿಸುತ್ತೇವೆಂದು ಹೊರಟ ಆ ಗುಂಪಿನವರೇ ತನ್ನ ಮೇಲೆ ಸಾಮೂಹಿಕವಾಗಿ ಅತ್ಯಾಚಾರ ನಡಸಿದರೆಂದು ಆಕೆ ದೂರು ಕೊಟ್ಟಳು. 2025ರ ಮೇ ತಿಂಗಳಿನಲ್ಲಿ ಜಾಮೀನಿನ ಮೇಲೆ ಹೊರಬಂದ ಆಪಾದಿತರಲ್ಲಿ ಕೆಲವರು ವಾಹನಗಳ ಸಾಲಿನೊಂದಿಗೆ ಮೆರವಣಿಗೆ ಹೊರಟರು; ಅದಕ್ಕಾಗಿ ಪೊಲೀಸಿನವರು ಬೇರೆ ಮೊಕದ್ದಮೆ ಹೂಡಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ನಮ್ಮ ಗಾದೆಗೆ ಇದಕ್ಕಿಂತ ಕ್ರೂರವಾದ ವ್ಯಾಖ್ಯಾನವುಂಟೆ? ಮಂಗಳೂರಿನ ಗುಂಪಿಗೂ ಹಾನಗಲ್ಲಿನ ಗುಂಪಿಗೂ ಮತ ಬೇರೆ, ಘೋಷಣೆ ಬೇರೆ. ಹೆಂಗಸು ತಮ್ಮ ಸಮಾಜದ ಸೊತ್ತೆಂಬ ನಂಬಿಕೆ ಮಾತ್ರ ಇಬ್ಬರಿಗೂ ಸಮಾನ.

ಇನ್ನು ನಮ್ಮ ಜಿಲ್ಲೆಯ ಕೇಂದ್ರವಾದ ಮೈಸೂರಿಗೆ ಬರೋಣ. 2021ರ ಆಗಸ್ಟ್ 24ರಂದು ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಗಿನ ಗೃಹಮಂತ್ರಿಗಳಾಗಿದ್ದ ಶ್ರೀ ಆರಗ ಜ್ಞಾನೇಂದ್ರರು, ಅಂಥ ನಿರ್ಜನವಾದ ಜಾಗಕ್ಕೆ ಅವರು ಹೋಗಬಾರದಾಗಿತ್ತೆಂದು ನುಡಿದು, ಜನರ ಆಕ್ಷೇಪಣೆಯ ಮೇಲೆ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಮೈಸೂರು ವಿಶ್ವವಿದ್ಯಾನಿಲಯದವರು ಸಾಯಂಕಾಲ 6-30ರ ಮೇಲೆ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯ ಆವರಣದಲ್ಲಿ ಒಬ್ಬೊಬ್ಬರೇ ತಿರುಗಾಡಕೂಡದೆಂದು ಸುತ್ತೋಲೆ ಹೊರಡಿಸಿ, ಅದನ್ನೂ ಹಿಂತೆಗೆದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಅಪರಾಧಮಾಡಿದವರು ಗಂಡಸರು, ಹೊತ್ತು ಮುಳುಗುವ ಮೊದಲು ಒಳಗೆ ಸೇರಬೇಕಾದವರು ಹೆಂಗಸರು. 2017ರ ಹೊಸವರ್ಷದ ರಾತ್ರಿ ಬೆಂಗಳೂರಿನ ದೊಡ್ಡ ಬೀದಿಗಳಲ್ಲಿ ಹೆಂಗಸರ ಮೇಲೆ ಕೈಮಾಡಿದ ಸುದ್ದಿ ಬಂದಾಗಲೂ, ಆಗಿನ ಗೃಹಮಂತ್ರಿಗಳಾಗಿದ್ದ ಶ್ರೀ ಜಿ. ಪರಮೇಶ್ವರರು ಪಾಶ್ಚಾತ್ಯರ ಉಡುಪನ್ನು ಅನುಕರಿಸುವ ಮಾತನ್ನೆತ್ತಿ ಟೀಕೆಗೆ ಗುರಿಯಾದರು. ಪಕ್ಷ ಯಾವುದಾದರೇನು, ಅಧಿಕಾರಸ್ಥಾನದಿಂದ ಹೊರಡುವ ಇಂಥ ಒಂದೊಂದು ಮಾತೂ ಬೀದಿಯ ಪುಂಡನಿಗೆ ಕೊಟ್ಟ ರಹದಾರಿಯಾಗಿ ಪರಿಣಮಿಸುವುದು.

ಗುಡಿಯ ನಿಯಮ, ಬೀದಿಯ ನಿಯಮ

ಹಾಗಾದರೆ ದೇವಾಲಯಗಳಿಗೆ ಯಾವ ನಿಯಮವೂ ಬೇಡವೇ ಎಂದು ಆಸ್ತಿಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ದೇವಾಲಯಕ್ಕೆ ತನ್ನದೇ ಆದ ಆಚಾರವುಂಟು. ಕೆಲವು ಕ್ಷೇತ್ರಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕೆಂಬ ಪದ್ಧತಿಯಿದೆ, ಅದನ್ನು ಯಾರೂ ಅಪಮಾನವೆಂದು ತಿಳಿಯುವುದಿಲ್ಲ. 2024ರ ಜನವರಿಯಲ್ಲಿ ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ತುಂಡುಡುಗೆಯವರಿಗೆ ಪಂಚೆಯನ್ನೂ ಶಲ್ಯವನ್ನೂ ಕೊಟ್ಟು ಒಳಕ್ಕೆ ಬಿಡುವ ಏರ್ಪಾಟಾಯಿತು. ಇಂಥ ನಿಯಮವನ್ನು ಒಪ್ಪುವವರೂ ಒಪ್ಪದವರೂ ಇರಬಹುದು. ಆದರೆ ಅದಕ್ಕೆ ಮೂರು ಕಟ್ಟುಪಾಡುಗಳು ಅವಶ್ಯ. ನಿಯಮವು ಜವಾಬ್ದಾರಿಯುಳ್ಳ ಆಡಳಿತದಿಂದ ಹೊರಟು ಫಲಕದ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಗಂಡಸರಿಗೂ ಹೆಂಗಸರಿಗೂ ಒಂದೇ ತಕ್ಕಡಿಯಲ್ಲಿ ಅನ್ವಯಿಸಬೇಕು. ಅದನ್ನು ದೇವಾಲಯದ ನೌಕರರು, ಸಾಧ್ಯವಾದ ಕಡೆಗಳಲ್ಲಿ ಮಹಿಳಾ ನೌಕರರು, ಮೃದುವಾದ ಮಾತಿನಿಂದ ತಿಳಿಸಬೇಕೇ ಹೊರತು ಹೊರಗಿನ ಸಂಘದವರೂ ಸ್ವಯಂಸೇವಕರೆಂಬ ಹೆಸರಿನವರೂ ಕೈಹಾಕಕೂಡದು.

ಎಲ್ಲಕ್ಕಿಂತ ಮುಖ್ಯವಾಗಿ, ದೇವಾಲಯದ ನಿಯಮ ದೇವಾಲಯದ ಹೊಸ್ತಿಲಿನಲ್ಲಿ ಮುಗಿಯಿತು. ರಥಬೀದಿ, ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್, ಹೂವಿನ ಅಂಗಡಿಯ ಸಾಲು, ನದಿಯ ಸೋಪಾನ, ಇವೆಲ್ಲ ಸರ್ವಜನರ ಸ್ಥಳಗಳು. ಇಲ್ಲಿ ದೇಶದ ಕಾಯಿದೆಯೊಂದೇ ಆಚಾರ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣುಬೇನೆಯನ್ನು ಗುಣಪಡಿಸಿದನೆಂದು ಹಕೀಮ್ ನಂಜುಂಡನೆಂಬ ಹೆಸರು ಪಡೆದ ಸ್ವಾಮಿಯ ಊರಿದು. ಮತವನ್ನು ಕೇಳದೆ ಔಷಧ ಕೊಟ್ಟ ದೇವರ ಮುಂದಿನ ಬೀದಿಯಲ್ಲಿ ನಿಂತು, ಬಂದವಳ ಮತವಾವುದು ಮುಸುಕಾವುದು ಎಂದು ಕೇಳುವುದು ದೇವರಿಗೇ ಅಪಚಾರವಲ್ಲವೆ?

ನಮ್ಮಲ್ಲಿ ಹಿರಿಯರು ಒಂದು ಗಾದೆ ಹೇಳುವರು: ಮುಳ್ಳಿನ ಮೇಲೆ ಸೀರೆ ಬಿದ್ದರೂ ಸೀರೆಯ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಸೀರೆಯೇ. ಮಗಳು ನೊಂದಾಳೆಂಬ ಮಮತೆಯಿಂದ ಹುಟ್ಟಿದ ಮಾತು ಅದು. ಅದನ್ನು ಹಾಸ್ಯಮಾಡುವ ಉದ್ದೇಶ ನಮಗಿಲ್ಲ. ಆದರೆ ಆ ಗಾದೆಯಿಂದ ಸೀರೆಯನ್ನು ಪೆಟ್ಟಿಗೆಯಲ್ಲಿಡಬೇಕೆಂಬ ನೀತಿಯನ್ನು ಮಾತ್ರ ತೆಗೆದವರು ಅರ್ಧ ಕೆಲಸ ಮಾಡಿದರು. ಊರ ದಾರಿಯಲ್ಲಿ ಮುಳ್ಳು ಬಿದ್ದರೆ ಅದನ್ನು ಗುಡಿಸಿ ಹಾಕುವುದು ಪುರಸಭೆಯ ಕರ್ತವ್ಯ. ಉಡುಪೇ ಕಾರಣವೆಂಬ ವಾದ ಅನುಭವಕ್ಕೂ ಹೊಂದುವುದಿಲ್ಲ. ಹದಿನೆಂಟು ಮೊಳದ ಸೀರೆಯುಟ್ಟ ಮುತ್ತೈದೆಯನ್ನೂ ಬುರ್ಖಾ ತೊಟ್ಟವಳನ್ನೂ ಶಾಲೆಯ ಸಮವಸ್ತ್ರದ ಬಾಲಿಕೆಯನ್ನೂ ಪುಂಡನು ಬಿಟ್ಟಿಲ್ಲವೆಂಬುದನ್ನು ಯಾವ ಮನೆಯ ಹೆಂಗಸನ್ನು ಕೇಳಿದರೂ ಹೇಳಿಯಾಳು, ಕೇಳುವವರಿದ್ದರೆ. ನಮ್ಮ ಸಂಸ್ಕೃತಿಯೆಂದು ಎದೆ ತಟ್ಟಿಕೊಳ್ಳುವವರು, ಉಡುಗೆಯನ್ನೇ ತ್ಯಜಿಸಿ ಕೇಶರಾಶಿಯನ್ನೇ ಹೊದ್ದು ನಡೆದ ಉಡುತಡಿಯ ಮಹಾದೇವಿಯನ್ನು ಕನ್ನಡಿಗರು ಅಕ್ಕನೆಂದು ಕರೆದು ಕೈಮುಗಿದರೆಂಬುದನ್ನೂ, ತುಂಬಿದ ಸಭೆಯಲ್ಲಿ ದ್ರೌಪದಿಯ ಸೀರೆ ಸೆಳೆದವನೊಂದಿಗೆ ಸುಮ್ಮನೆ ಕುಳಿತ ಹಿರಿಯರನ್ನೂ ಭಾರತದ ಕಥೆ ಕ್ಷಮಿಸಲಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು.

ಸ್ನಾನಘಟ್ಟದ ಪ್ರಶ್ನೆ

ತೀರ್ಥಕ್ಷೇತ್ರಗಳಲ್ಲಿ ಈ ವಿಷಯ ಅತ್ಯಂತ ತೀಕ್ಷ್ಣವಾಗುವುದು ನದಿಯ ದಡದಲ್ಲಿ. ಒದ್ದೆ ಸೀರೆಯಲ್ಲಿ ನೀರಿನಿಂದ ಎದ್ದು ಬಂದವಳಿಗೆ ಇನ್ನೊಬ್ಬಳು ಸೀರೆಯ ತುದಿಯನ್ನು ಮರೆಯಾಗಿ ಹಿಡಿದು ನಿಲ್ಲುವುದು ನಮ್ಮ ಹೊಳೆಯ ದಡಗಳಲ್ಲಿ ಎಲ್ಲರೂ ಕಂಡಿರುವ ನೋಟ. ಅಂಥ ಕಡೆ ಮುಖ ತಿರುಗಿಸಿಕೊಂಡು ಹೋಗುವುದೇ ಗಂಡಸಿನ ಸಭ್ಯತೆಯೆಂದು ಹಿರಿಯರು ಕಲಿಸಿದ್ದರು. ಈಗ ಪ್ರತಿಯೊಬ್ಬನ ಕೈಯಲ್ಲಿಯೂ ಚಿತ್ರ ತೆಗೆಯುವ ಫೋನು ಬಂದಿದೆ. ಹಿಂದೆ ಒಂದು ಗಳಿಗೆಯ ಕುಚೋದ್ಯವಾಗಿದ್ದದ್ದು ಇಂದು ಲೋಕವೆಲ್ಲ ಹರಡಿ ಶಾಶ್ವತವಾಗಿ ಉಳಿಯುವ ಅಪಮಾನವಾಗಿದೆ. 2025ರ ಫೆಬ್ರವರಿಯಲ್ಲಿ ಪ್ರಯಾಗರಾಜದ ಮಹಾಕುಂಭಮೇಳದಲ್ಲಿ ಸ್ನಾನಮಾಡುತ್ತಿದ್ದ ಹೆಂಗಸರ ಚಿತ್ರಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹರಡಿ ವ್ಯಾಪಾರಕ್ಕಿಟ್ಟರೆಂದು ಉತ್ತರಪ್ರದೇಶದ ಪೊಲೀಸಿನವರು ಮೊಕದ್ದಮೆಗಳನ್ನು ದಾಖಲುಮಾಡಿದರು. ಅದೇ ತಿಂಗಳ 10ರಿಂದ 12ರವರೆಗೆ ನಮ್ಮ ತಿರುಮಕೂಡಲಿನಲ್ಲಿಯೂ ಕುಂಭಮೇಳ ನಡೆಯಿತು. 1989ರಲ್ಲಿ ಆರಂಭವಾಗಿ ಮೂರು ವರ್ಷಗಳಿಗೊಮ್ಮೆ ನಡೆಯುವುದೆಂದು ಏರ್ಪಾಟಾದ ಈ ಮೇಳಕ್ಕೆ ಲಕ್ಷಾಂತರ ಜನ ಸೇರುವರು. ಗಂಗಾತೀರದಲ್ಲಿ ಆದದ್ದು ಕಾವೇರೀತೀರದಲ್ಲಿ ಆಗದೆಂದು ನಂಬಿ ಕುಳಿತುಕೊಳ್ಳುವುದು ವಿವೇಕವಲ್ಲ.

ವಿಚಿತ್ರವೇನೆಂದರೆ, ಕಾಲೇಜಿನ ಹುಡುಗಿಯ ಸಲ್ವಾರಿನ ಬಗ್ಗೆ ಭಾಷಣ ಮಾಡುವ ಕಾವಲುಗಾರರಲ್ಲಿ ಒಬ್ಬನಾದರೂ ಸ್ನಾನಘಟ್ಟದಲ್ಲಿ ಫೋನು ಹಿಡಿದು ನಿಂತವನ ಕೈಹಿಡಿದು ಠಾಣೆಗೆ ಒಪ್ಪಿಸಿದ ಸುದ್ದಿ ನಮ್ಮ ಕಿವಿಗೆ ಬಿದ್ದಿಲ್ಲ. ಮಾನರಕ್ಷಣೆಯೇ ಇವರ ಉದ್ದೇಶವಾಗಿದ್ದರೆ ಅವರಿಗೆ ಕೆಲಸಕ್ಕೇನೂ ಕೊರತೆಯಿರಲಿಲ್ಲ.

ಕಾಯಿದೆಯಲ್ಲಿ ಇರುವುದು, ಊರಿನಲ್ಲಿ ಆಗಬೇಕಾದದ್ದು

ಕಾಯಿದೆ ಇಲ್ಲವೆಂದು ಯಾವ ಅಧಿಕಾರಿಯೂ ಹೇಳುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 74ನೆಯ ಪ್ರಕರಣದಂತೆ ಹೆಂಗಸಿನ ಮಾನಕ್ಕೆ ಭಂಗ ತರುವ ಉದ್ದೇಶದಿಂದ ಕೈಮಾಡಿದವನಿಗೆ ಒಂದು ವರ್ಷಕ್ಕೆ ಕಡಮೆಯಿಲ್ಲದ, ಐದು ವರ್ಷಗಳವರೆಗಿನ ಸೆರೆವಾಸವುಂಟು. ಮರೆಯಲ್ಲಿರುವವಳನ್ನು ಕದ್ದು ನೋಡುವುದೂ ಚಿತ್ರ ತೆಗೆಯುವುದೂ 77ನೆಯ ಪ್ರಕರಣಕ್ಕೆ, ಹಿಂಬಾಲಿಸುವುದು 78ಕ್ಕೆ, ಮಾತಿನಿಂದಲೋ ಸನ್ನೆಯಿಂದಲೋ ಅವಮಾನಪಡಿಸುವುದು 79ಕ್ಕೆ ಬರುವುವು. ದಾರಿಯಲ್ಲಿ ಅಡ್ಡಗಟ್ಟುವುದು 126ನೆಯ ಪ್ರಕರಣದ ಅಪರಾಧ. ಧರ್ಮರಕ್ಷಣೆಗಾಗಿ ಅಡ್ಡಗಟ್ಟಿದರೆ ಅಪರಾಧವಲ್ಲವೆಂಬ ವಿನಾಯಿತಿ ಅದರಲ್ಲಿ ಎಲ್ಲಿಯೂ ಇಲ್ಲ. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ವ್ಯಕ್ತಿಯ ಖಾಸಗಿತನವು ಮೂಲಭೂತವಾದ ಹಕ್ಕೆಂದು ಒಮ್ಮತದಿಂದ ತೀರ್ಮಾನಿಸಿದರು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕದ ಉಚ್ಚನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ದಿವಂಗತ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಇದಕ್ಕೂ ಮೊದಲೇ, 2012ರ ನವೆಂಬರ್ 30ರಂದು ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳಿಗೂ ಸ್ಪಷ್ಟವಾದ ನಿರ್ದೇಶನಗಳನ್ನು ಕೊಟ್ಟಿತು. ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್, ದೇವಸ್ಥಾನ ಮೊದಲಾದ ಪೂಜಾಸ್ಥಳಗಳಲ್ಲಿ ಸಾದಾ ಉಡುಪಿನ ಮಹಿಳಾ ಪೊಲೀಸರನ್ನು ನೇಮಿಸಬೇಕು. ಕ್ಯಾಮರಾಗಳನ್ನೂ ಎಚ್ಚರಿಕೆಯ ಫಲಕಗಳನ್ನೂ ಹಾಕಬೇಕು. ಪೂಜಾಸ್ಥಳಗಳ ಆಡಳಿತದವರು ತಮಗೆ ಬಂದ ದೂರನ್ನು ಠಾಣೆಗೆ ತಲಪಿಸಬೇಕು. ಬಸ್ಸಿನಲ್ಲಿ ಹೆಂಗಸೊಬ್ಬಳು ದೂರಿದರೆ ಚಾಲಕನೂ ನಿರ್ವಾಹಕನೂ ಬಸ್ಸನ್ನು ನೇರವಾಗಿ ಹತ್ತಿರದ ಠಾಣೆಗೆ ಒಯ್ಯಬೇಕು. ಆ ಮೊಕದ್ದಮೆಯಲ್ಲಿ ಬಸ್ ನಿಲ್ದಾಣದಲ್ಲಿ ಹೆಂಗಸನ್ನು ಪೀಡಿಸಿದನೆಂಬ ಆಪಾದನೆಗೆ ಗುರಿಯಾಗಿದ್ದವನು ಸ್ವತಃ ಒಬ್ಬ ಪೊಲೀಸ್ ಸಿಬ್ಬಂದಿಯೆಂಬುದನ್ನು ನೆನೆದರೆ, ನ್ಯಾಯಾಲಯವು ಇಷ್ಟು ವಿವರವಾಗಿ ಬರೆದದ್ದೇಕೆಂಬುದು ತಿಳಿಯುವುದು. ಮೈಸೂರು ನಂಜನಗೂಡು, ಮೈಸೂರು ನರಸೀಪುರ ಮಾರ್ಗಗಳ ಚಾಲಕ ನಿರ್ವಾಹಕರಲ್ಲಿ ಎಷ್ಟು ಜನಕ್ಕೆ ಈ ನಿರ್ದೇಶನವನ್ನು ಓದಿ ಹೇಳಲಾಗಿದೆಯೆಂದು ಡಿಪೋ ಅಧಿಕಾರಿಗಳು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ಆದಕಾರಣ ಈ ಎರಡು ಊರುಗಳ ಮಟ್ಟಿಗೆ ನಾವು ಕೇಳುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಕಪಿಲೆಯ ಸ್ನಾನಘಟ್ಟದಲ್ಲಿಯೂ ತಿರುಮಕೂಡಲಿನ ಸಂಗಮದಲ್ಲಿಯೂ ಹೆಂಗಸರಿಗೆ ಪ್ರತ್ಯೇಕವಾದ ಸೋಪಾನದ ಭಾಗವನ್ನು ಗುರುತಿಸಿ, ಬಾಗಿಲು ಅಗುಳಿಯುಳ್ಳ, ದೀಪವುಳ್ಳ ಕೋಣೆಗಳನ್ನು ಜಾತ್ರೆಯ ಜನಸಂಖ್ಯೆಗೆ ತಕ್ಕಷ್ಟು ಕಟ್ಟಿಸಬೇಕು. ಇದರಿಂದ ಕಾಯಿದೆಗೂ ಬಲ ಬರುವುದು; ಹೆಂಗಸು ಮರೆಯನ್ನು ನಿರೀಕ್ಷಿಸತಕ್ಕ ಸ್ಥಳವೆಂಬುದು ಗೊತ್ತಾದ ಕಡೆ ಕದ್ದು ಚಿತ್ರ ತೆಗೆದವನು ತಾನರಿಯೆನೆಂದು ವಾದಿಸುವಂತಿಲ್ಲ. ಆ ಭಾಗದಲ್ಲಿ ಫೋನನ್ನು ಎತ್ತಿ ಹಿಡಿಯುವುದು ನಿಷಿದ್ಧವೆಂದು ಫಲಕ ಹಾಕಿ, ಪರ್ವದಿನಗಳಲ್ಲಿ ಮಹಿಳಾ ಪೊಲೀಸರನ್ನು ನಿಲ್ಲಿಸಬೇಕು. ದೂರು ಕೊಡಲು ಬಂದವಳನ್ನು, ನೀನು ಒಬ್ಬಳೇ ಏಕೆ ಬಂದೆಯೆಂದು ಮೊದಲ ಪ್ರಶ್ನೆ ಕೇಳುವ ಚಾಳಿ ಠಾಣೆಗಳಿಂದ ತೊಲಗಬೇಕು. ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರನ್ನು ಬರೆದುಕೊಳ್ಳಬೇಕೆಂಬುದು ಈಗ ಕಾಯಿದೆಯ ವಿಧಿ; ನಂಜನಗೂಡಿನಲ್ಲಿ ನೊಂದು ನರಸೀಪುರದಲ್ಲಿ ಇಳಿದವಳನ್ನು ಮರಳಿ ಕಳುಹಿಸಲಾಗದು. ಧರ್ಮದ ಹೆಸರಿನಲ್ಲಿ ದಾರಿಗಟ್ಟುವವರ ಮೇಲೆ, ಅವರು ಯಾವ ಮತದವರಾಗಲಿ, ಯಾವ ಮುಖಂಡರ ಬೆಂಬಲಿಗರಾಗಲಿ, ಮೊದಲ ದಿವಸವೇ ಮೊಕದ್ದಮೆ ದಾಖಲಾಗಬೇಕು. ರಾಜಿ ಪಂಚಾಯಿತಿಗೆ ಇದು ತಕ್ಕ ವಿಷಯವಲ್ಲ.

ಅಧಿಕಾರಿಗಳಿಂದಾಗುವ ಕೆಲಸ ಇಷ್ಟು. ಊರಿನ ಗೃಹಸ್ಥರಿಂದಾಗಬೇಕಾದದ್ದು ಇದಕ್ಕಿಂತ ಕಷ್ಟವಾದದ್ದು. ನಾವು ನಮ್ಮ ಹೆಣ್ಣುಮಕ್ಕಳಿಗೆ ಹೇಗೆ ಉಡಬೇಕು, ಎಷ್ಟು ಹೊತ್ತಿಗೆ ಮನೆಗೆ ಬರಬೇಕು ಎಂದು ದಿನಕ್ಕೆ ಹತ್ತು ಸಲ ಬುದ್ಧಿ ಹೇಳುವೆವು. ಗಂಡುಮಕ್ಕಳಿಗೆ ಹೇಗೆ ನೋಡಬೇಕು, ಎಲ್ಲಿ ನೋಡಕೂಡದು ಎಂದು ವರ್ಷಕ್ಕೊಂದು ಸಲವಾದರೂ ಹೇಳಿದ್ದೇವೆಯೇ? ಬಸ್ಸಿನಲ್ಲಿ ಹೆಣ್ಣುಮಗಳೊಬ್ಬಳು ದನಿಯೆತ್ತಿದಾಗ, ನಮಗೇಕೆ ಎಂದು ಕಿಟಕಿಯ ಹೊರಗೆ ಮುಖ ಹಾಕುವ ಸಭ್ಯರಿಗೂ ಕೌರವಸಭೆಯ ವೃದ್ಧರಿಗೂ ವ್ಯತ್ಯಾಸವೇನಿದೆ?

ತಿರುಮಕೂಡಲು ಪುಣ್ಯದಲ್ಲಿ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಿನ ತೂಕದ್ದೆಂದು ನಮ್ಮ ಜನರ ನಂಬಿಕೆ. ಗುಂಜಾನರಸಿಂಹನ ಹೆಸರಿಗೂ ಅದೇ ಕಾರಣವೆಂದು ಹೇಳುವರು. ಮುಂದಿನ ಕುಂಭಮೇಳಕ್ಕೆ ದೂರದ ಊರಿನಿಂದ ಒಬ್ಬಳೇ ಬಂದ ಹೆಂಗಸು ನಿರ್ಭಯವಾಗಿ ಮಿಂದು, ಮರೆಯಲ್ಲಿ ಮಡಿಯುಟ್ಟು, ಯಾರ ಪ್ರಶ್ನೆಗೂ ಉತ್ತರ ಹೇಳದೆ, ರಾತ್ರಿಯ ಬಸ್ಸಿನಲ್ಲಿ ಕುಳಿತು ಮನೆ ಸೇರುವಂತಾದರೆ ಆ ಗುಲಗಂಜಿಯ ತೂಕವನ್ನು ನಾವೂ ಒಪ್ಪುವೆವು. ಅದಕ್ಕೆ ಬೇಕಾದ ಕೋಣೆ, ದೀಪ, ಪೊಲೀಸು, ಫಲಕ ಇವುಗಳ ಲೆಕ್ಕವನ್ನು ಮೇಳದ ಹಿಂದಿನ ದಿವಸ ಹಾಕಿದರೆ ಫಲವಿಲ್ಲ. ಜಿಲ್ಲಾಧಿಕಾರಿಗಳೂ, ಎರಡು ಊರುಗಳ ಪುರಾಡಳಿತದವರೂ, ಮುಜರಾಯಿ ಇಲಾಖೆಯವರೂ ಕೂಡಿ ಕುಳಿತು ಈಗಲೇ ಹಾಕಲೆಂದು ನಮ್ಮ ಪ್ರಾರ್ಥನೆ.